ಸೂತ್ರ ಕೊಟ್ಟರಷ್ಟೇ ಸಾಲದು

ಸರ್ಕಾರಿ ಪಶುವಿಜ್ಞಾನ ಸಂಸ್ಥೆಯಲ್ಲಿ ಪೇಟೆಂಟ್ ಮತ್ತು ತಂತ್ರಜ್ಞಾನ ಹಸ್ತಾಂತರದ ಕಡತಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಈ ವಿಭಾಗಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವ ಮಾತುಗಳಿವು.

1. ಮೊದಲು ಅರ್ಜಿ, ಆಮೇಲೆ ಪ್ರಬಂಧ. ಜರ್ನಲ್‌ನಲ್ಲಿ ಅಚ್ಚಾದದ್ದನ್ನು ಹೊಸತೆಂದು ಪೇಟೆಂಟ್ ಕಚೇರಿಯವರು ಒಪ್ಪುವುದಿಲ್ಲ. ವಿದ್ಯಾರ್ಥಿಯ ಪಿಎಚ್.ಡಿ. ಪ್ರಬಂಧ ಗ್ರಂಥಾಲಯ ಸೇರಿದರೂ ಅದೇ ಗತಿ. ವಿಜ್ಞಾನಿಗಳಿಗೆ ಬಡ್ತಿಯ ಚಿಂತೆ ಇರುತ್ತದೆ, ಅದು ನ್ಯಾಯವೇ. ತಾತ್ಕಾಲಿಕ ಅರ್ಜಿ ಸಲ್ಲಿಸಿದ ಮರುದಿನವೇ ಪ್ರಬಂಧ ಕಳಿಸಬಹುದು, ಪೂರ್ಣ ವಿವರಣೆಗೆ 12 ತಿಂಗಳು ಅವಕಾಶವಿದೆ ಎಂದು ಅವರಿಗೆ ತಿಳಿಸಿ ಹೇಳಿ.

2. 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಬಾಯಿಪಾಠವಾಗಿರಲಿ. ಪ್ರಾಣಿಗೆ ಪೇಟೆಂಟ್ ಇಲ್ಲ. ದನದ ರೋಗ ವಾಸಿ ಮಾಡುವ ಇಲ್ಲವೇ ಅದರ ಆರ್ಥಿಕ ಮೌಲ್ಯ ಹೆಚ್ಚಿಸುವ ಚಿಕಿತ್ಸಾ ವಿಧಾನಕ್ಕೂ ಇಲ್ಲ. ಹಳ್ಳಿಕಾರ್, ಮಲೆನಾಡು ಗಿಡ್ಡ ತಳಿಗಳು ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದಲ್ಲಿ ನೋಂದಣಿಯಾಗಿವೆ. ನೋಂದಣಿ ಒಡೆತನವಲ್ಲ. ಅವನ್ನು ತಲೆತಲಾಂತರದಿಂದ ಸಾಕಿಕೊಂಡು ಬಂದವರು ರೈತರು, ಅವು ಅವರ ಕೈಯಲ್ಲೇ ಇರಬೇಕು.

3. ಪೇಟೆಂಟ್ ಇಲ್ಲದಿದ್ದರೂ ಲೈಸೆನ್ಸ್ ಕೊಡಬಹುದು. ಪ್ರದೇಶವಾರು ಖನಿಜ ಮಿಶ್ರಣವನ್ನೇ ನೋಡಿ. ಒಂದು ಸೀಮೆಯ ಮಣ್ಣು, ಮೇವು, ದನಗಳ ರಕ್ತ ಪರೀಕ್ಷಿಸಿ, ಅಲ್ಲಿ ಯಾವ ಖನಿಜದ ಕೊರತೆ ಇದೆಯೋ ಅದನ್ನು ತುಂಬುವ ಸೂತ್ರ ಅದು. ಅರ್ಧ ಪುಟಕ್ಕೆ ಮುಗಿಯುತ್ತದೆ. ಆ ಅರ್ಧ ಪುಟವನ್ನಷ್ಟೇ ಕೊಟ್ಟು ಕಳಿಸಿದರೆ ತಯಾರಕರು ಎಡವುತ್ತಾರೆ. ಕೋಬಾಲ್ಟ್, ಅಯೋಡಿನ್ ಲವಣಗಳು ಬೇಕಾಗುವುದು ಚಿಟಿಕೆಯಷ್ಟು. ನೇರವಾಗಿ ದೊಡ್ಡ ಮಿಕ್ಸರಿಗೆ ಸುರಿದರೆ ಒಂದು ಚೀಲದಲ್ಲಿ ಅತಿಯಾಗುತ್ತದೆ, ಇನ್ನೊಂದರಲ್ಲಿ ಹೆಸರಿಗೂ ಇರುವುದಿಲ್ಲ. ಮೊದಲು ಅವನ್ನು ಸ್ವಲ್ಪ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಪುಡಿಯಲ್ಲಿ ಕಲಸಬೇಕು, ಅದನ್ನು ಇನ್ನಷ್ಟು ಪುಡಿಗೆ ಸೇರಿಸಬೇಕು, ಮಿಕ್ಸರಿಗೆ ಹಾಕುವುದು ಆಮೇಲೆ. ತೇವ ತಗುಲಿದರೆ ಅಯೋಡಿನ್ ನಷ್ಟವಾಗುತ್ತದೆ. ಇದೆಲ್ಲ ಪ್ರಬಂಧದಲ್ಲಿ ಸಿಗುವುದಿಲ್ಲ, ಪ್ರಯೋಗಾಲಯದ ತಾಂತ್ರಿಕ ಸಿಬ್ಬಂದಿಯ ಕೈಗೆ ಗೊತ್ತು. ಆದ್ದರಿಂದ ತರಬೇತಿಯನ್ನೂ ಮೊದಲ ಬ್ಯಾಚಿನ ಪರೀಕ್ಷೆಯನ್ನೂ ಒಪ್ಪಂದದಲ್ಲೇ ಬರೆಸಿ. ಆ ಸಿಬ್ಬಂದಿಯ ಹೆಸರೂ ದಾಖಲೆಯಲ್ಲಿರಲಿ.

4. ಸ್ಥಳೀಯ ಸೂಕ್ಷ್ಮಾಣು, ಗಿಡಮೂಲಿಕೆ ಬಳಸಿದ್ದರೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ವ್ಯವಹಾರವನ್ನು ಮೊದಲೇ ಶುರು ಮಾಡಿ.

5. ಒಬ್ಬರಿಗೇ ಪೂರ್ತಿ ಹಕ್ಕು ಬರೆದುಕೊಡಲು ಅವಸರಪಡಬೇಡಿ. ಹಿಸಾರ್‌ನ ಅಶ್ವ ಸಂಶೋಧನಾ ಕೇಂದ್ರ ಮತ್ತು ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ (ಐವಿಆರ್‌ಐ) ಸೇರಿ ರೂಪಿಸಿದ ಚರ್ಮಗಂಟು ರೋಗದ ಲಸಿಕೆ 2022ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ಪುಣೆಯ ಸರ್ಕಾರಿ ಲಸಿಕಾ ಸಂಸ್ಥೆಗೂ ನಮ್ಮ ಮಾಲೂರಿನ ಬಯೋವೆಟ್ ಕಂಪನಿಗೂ ಅದರ ತಯಾರಿಕೆಯ ಹಕ್ಕು ಸಿಕ್ಕಿತು. ಬಯೋವೆಟ್‌ನ ಲಸಿಕೆಗೆ ಕೇಂದ್ರ ಔಷಧ ನಿಯಂತ್ರಕರ ಪರವಾನಗಿ ಬಂದದ್ದು 2025ರಲ್ಲಿ. ಸಹಿ ಬಿದ್ದ ಮೇಲೂ ಇಷ್ಟು ಕಾಲ ಹಿಡಿಯುತ್ತದೆ. ಒಬ್ಬರನ್ನೇ ನೆಚ್ಚಿಕೊಂಡಿದ್ದು, ಅವರು ಕೈಚೆಲ್ಲಿದರೆ ದನಗಳಿಗೆ ಚುಚ್ಚಲು ಲಸಿಕೆಯೇ ಇರುವುದಿಲ್ಲ. ಗೊತ್ತುಮಾಡಿದ ಅವಧಿಯಲ್ಲಿ ತಯಾರಿಕೆ ಶುರುವಾಗದಿದ್ದರೆ ಹಕ್ಕು ಸಂಸ್ಥೆಗೆ ಮರಳಬೇಕು. ಈ ಷರತ್ತನ್ನು ರಾಯಲ್ಟಿಯ ಮಾತಿಗಿಂತ ಮೊದಲು ಮೇಜಿನ ಮೇಲಿಡಿ.