ರನ್ ಎಂದರೆ ಓಡುವುದಷ್ಟೇ ಅಲ್ಲ
ಇಂಗ್ಲಿಷಿನ ‘ರನ್’ ಕ್ರಿಯಾಪದಕ್ಕೆ ‘ಓಡು’ ಎಂಬುದು ಮೊದಲ ಅರ್ಥ ಮಾತ್ರ. ಆಕ್ಸ್‌ಫರ್ಡ್ ನಿಘಂಟಿನ ಪರಿಷ್ಕರಣೆಯಲ್ಲಿ ಇದಕ್ಕೆ 645 ಅರ್ಥಗಳು ಲೆಕ್ಕಕ್ಕೆ ಸಿಕ್ಕವು. ಕಲಿಯುವವರು ಕ್ರಿಯಾಪದಕ್ಕಿಂತ ಮೊದಲು ಕರ್ತೃಪದವನ್ನು ನೋಡುವುದು ಒಳ್ಳೆಯದು. ನಲ್ಲಿ ‘ರನ್’ ಆದರೆ ನೀರು ಸುರಿಯುತ್ತದೆ, ಮೂಗಾದರೆ ಸೋರುತ್ತದೆ, ಹೊಸ ಸೀರೆಯ ಬಣ್ಣವಾದರೆ ನೀರಿಗೆ ಬಿದ್ದೊಡನೆ ಬಿಟ್ಟು ಪಕ್ಕದ ಬಟ್ಟೆಗೂ ಹತ್ತುತ್ತದೆ. ಅಂಗಡಿ ನಡೆಸುವುದಕ್ಕೂ ಇದೇ ಪದ. ಅಲ್ಲಿ ‘ಮ್ಯಾನೇಜ್’ ಸಮಾನಾರ್ಥಕ, ಯಂತ್ರಕ್ಕಾದರೆ ‘ಆಪರೇಟ್’. ಇವೆರಡನ್ನು ಅದಲುಬದಲು ಮಾಡಬಾರದು. ಚುನಾವಣೆಯ ಬಳಕೆಯಂತೂ ಸೊಗಸಾಗಿದೆ: ಅಮೆರಿಕದ ಅಭ್ಯರ್ಥಿ ‘ರನ್’ ಮಾಡುತ್ತಾನೆ, ಬ್ರಿಟನ್ನಿನವನು ಕನ್ನಡಿಗರಂತೆಯೇ ‘ನಿಲ್ಲುತ್ತಾನೆ’. ‘ರನ್’ ನಂತರ ಬರುವ ಪುಟ್ಟ ಪದವೂ ಅರ್ಥ ಬದಲಿಸುತ್ತದೆ. ‘ರನ್ ಇಂಟು’ ಎಂದರೆ ಅಚಾನಕ್ಕಾಗಿ ಎದುರಾಗುವುದು. ಸಕ್ಕರೆ ‘ರನ್ ಔಟ್’ ಆದರೆ ಡಬ್ಬ ಖಾಲಿ.