ಮೊದಲು ಬೆಲ್ಟ್, ಆಮೇಲೆ ಸೀಟ್ ಕವರ್

ತಮ್ಮಾ, ಕೊಲ್ಹಾಪುರದ ಕಡೆಯಿಂದ ಹಳೇ ಇನ್ನೋವಾ ತಂದಿದ್ದೀಯಂತೆ, ಸಂತೋಷ. ಮಹಾಲಿಂಗೇಶ್ವರನ ಗುಡಿ ಮುಂದೆ ನಿಲ್ಲಿಸಿ ಪೂಜೆ ಮಾಡಿಸಿದ್ದಾಯಿತು, ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಿದ್ದೂ ಆಯಿತು. ಈಗ ಸೀಟ್ ಕವರ್, ದೊಡ್ಡ ಸ್ಪೀಕರ್, ಗಾಜಿನ ಮೇಲೆ ಮಗಳ ಹೆಸರು ಅಂತ ಪಟ್ಟಿ ಹಿಡಿದು ಓಡಾಡುತ್ತಿದ್ದೀಯ. ಆ ಪಟ್ಟಿಯ ತಲೆಗೇ ಒಂದು ಸಾಲು ಬರೆದುಕೋ: ಟೈಮಿಂಗ್ ಬೆಲ್ಟ್. ಅದು ಮುಗಿಯುವವರೆಗೆ ಉಳಿದದ್ದಕ್ಕೆ ರೊಕ್ಕ ಬಿಚ್ಚಬೇಡ.

ಮಾರಿದವನು ಏನು ಹೇಳಿರುತ್ತಾನೆಂದು ನನಗೆ ಗೊತ್ತು. "ಬೆಲ್ಟ್ ಮೊನ್ನೆ ಹಾಕೇವ್ರಿ, ಇನ್ನ ಲಕ್ಷ ಕಿಲೋಮೀಟರ್ ಚಿಂತಿ ಇಲ್ಲ." ಹಾಗಾದರೆ ಬಿಲ್ ಕೇಳು. ತಾರೀಖು, ಆವತ್ತಿನ ಕಿಲೋಮೀಟರ್, ಹಾಕಿದ ಸಾಮಾನಿನ ಹೆಸರು ಮೂರೂ ಅದರಲ್ಲಿದ್ದರೆ ನಂಬು. ಬಿಲ್ ಇಲ್ಲವೆಂದರೆ ಬೆಲ್ಟ್ ಹಾಕಿಲ್ಲವೆಂದೇ ಲೆಕ್ಕ. ಮೀಟರ್ ತಿರುಗಿಸುವವರು ಎಲ್ಲ ಊರಲ್ಲೂ ಇದ್ದಾರೆ, ಅದರ ಅಂಕಿ ನಿನಗೆ ಸಾಕ್ಷಿಯಾಗದು.

ನಿನ್ನ ಗಾಡಿಯ ಮೀಟರ್ ಫಲಕದಲ್ಲಿ ಟಿ-ಬೆಲ್ಟ್ ಎಂಬ ದೀಪ ಇದೆ. ಅದು ಹತ್ತಿಲ್ಲ, ಅಂದಮೇಲೆ ಬೆಲ್ಟ್ ಚಲೋ ಇದೆ ಅಂತ ಕೂತಿದ್ದರೆ ಕೇಳು: ಆ ದೀಪಕ್ಕೆ ಬೆಲ್ಟ್ ಕಾಣುವುದೇ ಇಲ್ಲ. ಗಾಡಿ ಎಷ್ಟು ಓಡಿತು ಅನ್ನುವುದನ್ನಷ್ಟೇ ಅದು ಎಣಿಸುತ್ತದೆ. ಹೊಸ ಬೆಲ್ಟ್ ಕೂರಿಸಿದ ಮೇಲೆ ಮೆಕ್ಯಾನಿಕ್ ಆ ಎಣಿಕೆಯನ್ನು ಮತ್ತೆ ಸೊನ್ನೆಗೆ ತರಬೇಕು. ಬೆಲ್ಟ್ ಮುಟ್ಟದೆಯೂ ಹಾಗೆ ತರಬಹುದು ಅನ್ನುವುದೇ ಪಂಚಾಯ್ತಿ.

ನಮ್ಮ ಸೀಮೆಯವರಿಗೆ ಪಟ್ಟಾ ಅಂದರೆ ಹೊಸದೇನಲ್ಲ. ಹಿಟ್ಟಿನ ಗಿರಣಿಯ ಪಟ್ಟಾ, ರಬಕವಿ-ಬನಹಟ್ಟಿಯ ಮಗ್ಗದ ಪಟ್ಟಾ, ಗಾಣದ ಪಟ್ಟಾ ನೋಡುತ್ತಲೇ ಬೆಳೆದವರು ನಾವು. ಅದು ಹರಿದರೆ ಯಂತ್ರ ಸುಮ್ಮನೆ ನಿಲ್ಲುತ್ತದೆ. ಜೋಡಿಸಿ ಮತ್ತೆ ಏರಿಸಿದರೆ ಚಾಲೂ. ಕಳೆದುಕೊಂಡದ್ದು ತಾಸೆರಡು ತಾಸು. ಅದಕ್ಕೇ "ಹರದ ಮ್ಯಾಲ ನೋಡೂಣು" ಅನ್ನುವುದು ನಮಗೆ ರೂಢಿಯಾಗಿಬಿಟ್ಟಿದೆ. ಗಿರಣಿಗೆ ಆ ಬುದ್ಧಿ ಸರಿಯೇ. ಈ ಬೆಲ್ಟಿಗೆ ಮಾತ್ರ ಅದು ನಡೆಯದು.

ಯಾಕೆಂದರೆ ಇದು ಬರೀ ತಿರುಗಿಸುವ ಪಟ್ಟಾ ಅಲ್ಲ, ಹೊತ್ತು ಕಾಯುವ ಪಟ್ಟಾ. ಕೆಳಗೆ ಪಿಸ್ಟನ್ನಿಗೆ ಜೋಡಿಸಿದ ಕ್ರ್ಯಾಂಕ್ ಎರಡು ಸುತ್ತು ಬಂದರೆ ಮೇಲೆ ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್ ಸರಿಯಾಗಿ ಒಂದು ಸುತ್ತು ಬರಬೇಕು. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ನಿಮಿಷಕ್ಕೆ 1,000 ಸಲ ತೆರೆದು ಮುಚ್ಚುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ವಾಲ್ವ್ ತೆರೆದಿದ್ದರೆ ಎರಡೂ ಡಿಕ್ಕಿ ಹೊಡೆಯುತ್ತವೆ, ಅಷ್ಟು ಇಕ್ಕಟ್ಟು ಜಾಗ. ಬೆಲ್ಟ್ ಹರಿಯಿತೋ, ಕ್ಯಾಮ್ ಅಲ್ಲೇ ನಿಂತಿತು. ಗಾಡಿ ಓಡುತ್ತಲೇ ಇರುವುದರಿಂದ ಕ್ರ್ಯಾಂಕ್ ನಿಲ್ಲುವುದಿಲ್ಲ. ಪಿಸ್ಟನ್ ಬಂದು ತೆರೆದ ವಾಲ್ವಿಗೆ ಗುದ್ದುತ್ತದೆ, ವಾಲ್ವ್ ಸೊಟ್ಟಾಗುತ್ತದೆ, ಹೆಡ್ ಇಳಿಸಬೇಕಾಗುತ್ತದೆ. ಅದೃಷ್ಟ ಕೆಟ್ಟಿದ್ದರೆ ಪಿಸ್ಟನ್ನೂ ಹೋಗುತ್ತದೆ. ಅದರ ಜೊತೆಗೆ ಎಂಜಿನ್ ಬಂದಾದ ಗಳಿಗೆಯಿಂದ ಸ್ಟೀರಿಂಗ್ ಭಾರ, ಎರಡು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲು. ಮುಧೋಳದ ರಸ್ತೆಯಲ್ಲಿ ಮುಂದೆ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಲಾರಿ ಇರುವಾಗ ಹೀಗಾದರೆ ಏನು ಗತಿ?

ಇದು ಮುನ್ಸೂಚನೆ ಕೊಡುವ ಜಾತಿಯದೂ ಅಲ್ಲ. ಕೆಲವು ಎಂಜಿನ್ನಿನಲ್ಲಿ ಬೆಲ್ಟಿನ ಬದಲು ಇರುವ ಚೈನ್ ಸವೆದರೆ ಸಾಮಾನ್ಯವಾಗಿ ಸದ್ದು ಮಾಡಿ ಹೇಳುತ್ತದೆ, ಬೆಲ್ಟ್ ಬಹಳ ಸಲ ಸದ್ದಿಲ್ಲದೆ ಹೋಗುತ್ತದೆ. ಮುಚ್ಚಳ ಬಿಚ್ಚಿ, ಬೆರಳಿನಿಂದ ಒತ್ತಿ, "ಇನ್ನ ಗಟ್ಟಿ ಐತಿ, ಬಿಡ್ರಿ" ಅನ್ನುವವರು ಸಿಗುತ್ತಾರೆ. ಬಿರುಕು ಕಂಡರೆ ಬೆಲ್ಟ್ ಹೋಗಿದೆ ಎಂದರ್ಥ, ನಿಜ. ಆದರೆ ಬಿರುಕು ಕಾಣದಿದ್ದರೆ ಚಲೋ ಇದೆ ಎಂದರ್ಥವಲ್ಲ. ಒಳಗಿನ ನಾರು ದಣಿದದ್ದು ಯಾರ ಕಣ್ಣಿಗೂ ಬೀಳದು.

ಕಿಲೋಮೀಟರ್ ಲೆಕ್ಕವೂ ನಮ್ಮ ಕಡೆ ಮೋಸ ಮಾಡುತ್ತದೆ. ತಾಸಿಗೆ 50ರಂತೆ ಓಡಿದ ಗಾಡಿಗೆ 1 ಲಕ್ಷ ಕಿಲೋಮೀಟರ್ ಅಂದರೆ 2,000 ತಾಸು. ಸಮೀರವಾಡಿ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಲಿಗಳ ಬೆನ್ನು ಹಿಡಿದು 25ರಲ್ಲಿ ತೆವಳಿದರೆ ಅಷ್ಟೇ ದೂರಕ್ಕೆ 4,000 ತಾಸು. ಬೆಲ್ಟಿನ ಪಾಲಿಗೆ ದುಡಿಮೆ ಇಮ್ಮಡಿ, ಮೇಲೆ ಬಿಸಿ, ಧೂಳು. ಓಡದೆ ನಿಂತ ಗಾಡಿಯಲ್ಲೂ ರಬ್ಬರಿಗೆ ವಯಸ್ಸಾಗುತ್ತದೆ. ಅದಕ್ಕೇ ಗಾಡಿಯ ಪುಸ್ತಕದಲ್ಲಿ ಕಿಲೋಮೀಟರ್ ಜೊತೆಗೆ ವರ್ಷವನ್ನೂ ಬರೆದಿದ್ದರೆ, ಯಾವುದು ಮೊದಲು ಬರುತ್ತದೋ ಅದನ್ನೇ ಹಿಡಿ.

ನಿನ್ನ ಗೆಳೆಯ "ನನ್ನ ಸ್ವಿಫ್ಟ್ ಡೀಸೆಲ್‌ಗೆ ಹಾಕಿಸೇ ಇಲ್ಲ" ಅಂದನಂತೆ. ಅವನ ಮಾತು ಅವನಿಗೆ ಸರಿ, ಅದರಲ್ಲಿರುವುದು ಚೈನ್. ಇನ್ನೋವಾ ಕ್ರಿಸ್ಟಾದ ಡೀಸೆಲ್‌ಗೂ ಚೈನೇ. ನಿನ್ನದು 2005ರಲ್ಲಿ ಬಂದ ಹಳೇ 2.5 ಲೀಟರಿನ ಎಂಜಿನ್, ಅದಕ್ಕೆ ಬೆಲ್ಟ್. ಹಳೇ ಮಾರುತಿ 800, ಓಮ್ನಿ, ಸ್ಯಾಂಟ್ರೊ, ಇಂಡಿಕಾ ಡೀಸೆಲ್, ಡಸ್ಟರ್ ಡೀಸೆಲ್ ಇವಕ್ಕೂ ಬೆಲ್ಟೇ. ಪರರ ಗಾಡಿ ನೋಡಿ ನಿನ್ನ ಗಾಡಿಗೆ ತೀರ್ಮಾನ ಬೇಡ.

ಹಾಕಿಸುವಾಗ ಬೆಲ್ಟ್ ಒಂದನ್ನೇ ಹಾಕಿಸಿ ಬರಬೇಡ. ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್, ಅದು ಹಾಯುವ ಐಡ್ಲರ್ ಬೇರಿಂಗ್ ಹೊಸವೇ ಇರಲಿ. ಹಳೇ ಬೇರಿಂಗ್ ಜಾಮಾದರೆ ಹೊಸ ಬೆಲ್ಟೂ ಹರಿಯುತ್ತದೆ. ಅಕ್ಕಪಕ್ಕದ ಸೀಲಿನಿಂದ ಆಯಿಲ್ ಜಿನುಗುತ್ತಿದ್ದರೆ ಅದನ್ನೂ ಬದಲಿಸು, ಆಯಿಲ್ ತಾಗಿದರೆ ಬೆಲ್ಟ್ ಬಾಳುವುದಿಲ್ಲ. ಡಸ್ಟರ್ ಡೀಸೆಲ್‌ನಂಥ ಗಾಡಿಗಳಲ್ಲಿ ನೀರಿನ ಪಂಪೂ ಇದೇ ಬೆಲ್ಟಿನ ಮೇಲೆ ಇರುತ್ತದೆ, ಅಂಥವಕ್ಕೆ ಒಂದೇ ಬಿಚ್ಚಿಗೆ ಎರಡೂ ಕೆಲಸ ಮುಗಿಸುವುದು ಲಾಭ. ಕಂಪನಿಯ ಸಾಮಾನೇ ತರಿಸು. ಮಡಚಿ ಸುತ್ತಿ ಇಟ್ಟ ಬೆಲ್ಟ್ ಕೊಟ್ಟರೆ ವಾಪಸ್ ಕೊಡು, ಮಡಚಿದಲ್ಲಿ ಒಳಗಿನ ನಾರಿಗೆ ಪೆಟ್ಟು ಬಿದ್ದಿರುತ್ತದೆ. ಕೂರಿಸಿದ ಮೇಲೆ ಮೆಕ್ಯಾನಿಕ್ ಸೆಲ್ಫ್ ಹೊಡೆಯುವ ಮೊದಲು ಕ್ರ್ಯಾಂಕಿಗೆ ಪಾನಾ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸಿ ಮಾರ್ಕ್ ಕೂಡಿತೇ ಎಂದು ನೋಡಬೇಕು. ಅಷ್ಟು ಹೊತ್ತು ನೀನೂ ಅಲ್ಲೇ ನಿಂತಿರು, ಚಹಾ ಆಮೇಲೆ ಕುಡಿದರಾಯಿತು.

ಗಾಡಿ ಮಹಾರಾಷ್ಟ್ರದ್ದು, ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತಂದು ಜಮಖಂಡಿಯಲ್ಲಿ ಕೆಎ-48 ನಂಬರ್ ಮಾಡಿಸುವ ಓಡಾಟವೂ ನಿನ್ನ ತಲೆ ಮೇಲಿದೆ, ಬಲ್ಲೆ. ಆದರೂ ಬೆಲ್ಟನ್ನು ದಸರೆಯ ಆಚೆಗೆ ದೂಡಬೇಡ. ಕಬ್ಬಿನ ಹಂಗಾಮು ಶುರುವಾದರೆ ಗ್ಯಾರೇಜಿನವರೆಲ್ಲ ಟ್ರ್ಯಾಕ್ಟರ್ ಅಡಿ ಮಲಗಿರುತ್ತಾರೆ, ಆಗ ನಿನ್ನ ಇನ್ನೋವಾ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಈ ವಾರವೇ ಹೋಗಿ ಬಾ.