ಪಿಯಾನೋದ ಮುಂದೆ ವಿದ್ಯುನ್ಮಾನ ಪುಟ

ಪಾಶ್ಚಾತ್ಯ ಸಂಗೀತದಲ್ಲಿ ಕೃತಿಯನ್ನು ಬರಹದಿಂದ ಕಲಿಯುವುದು ವಾಡಿಕೆ. ಐದು ಗೆರೆಗಳ ಮೇಲೂ ನಡುವೆಯೂ ಚುಕ್ಕೆಗಳಿಟ್ಟು ಸ್ವರಗಳನ್ನು ಬರೆಯುತ್ತಾರೆ. ಪಿಯಾನೋವಿಗೆ ಇಂತಹ ಎರಡು ಸಾಲುಗಳು ಜೊತೆಯಾಗಿರುತ್ತವೆ. ಸಾಮಾನ್ಯವಾಗಿ ಮೇಲಿನದು ಬಲಗೈಗೆ, ಕೆಳಗಿನದು ಎಡಗೈಗೆ.

ನಮ್ಮ ಹಾರ್ಮೋನಿಯಂನಲ್ಲಿ ಒಂದು ಕೈ ಕೀಲಿಗಳ ಮೇಲಿದ್ದರೆ ಇನ್ನೊಂದು ತಿದಿಯನ್ನು ಒತ್ತುತ್ತದೆ. ಪಿಯಾನೋದಲ್ಲಾದರೋ 88 ಕೀಲಿಗಳ ಮೇಲೆ ಎರಡು ಕೈಗಳೂ ದುಡಿಯಬೇಕು. ಹಾಗಾದರೆ ಪುಟ ತಿರುವುವವರು ಯಾರು? ಇದಕ್ಕೆ ಹಿಂದಿನಿಂದಲೂ ಎರಡು ಉಪಾಯಗಳುಂಟು. ಒಂದು, ಕೃತಿಯನ್ನು ಪೂರ್ತಿಯಾಗಿ ನೆನಪಿನಿಂದ ನುಡಿಸುವುದು. 19ನೆಯ ಶತಮಾನದಲ್ಲಿ ಲಿಸ್ಟ್, ಕ್ಲಾರಾ ಶೂಮನ್ ಮೊದಲಾದವರು ಇದಕ್ಕೆ ಹೆಸರಾದರು. ಇನ್ನೊಂದು, ಪುಟ ತಿರುವಲು ಎಡಗಡೆಯಲ್ಲಿ ಸಹಾಯಕನೊಬ್ಬನನ್ನು ಕೂರಿಸಿಕೊಳ್ಳುವುದು. ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವವರಿಗೆ ಸಹಾಯಕರೆಲ್ಲಿಂದ ಬರಬೇಕು?

ಇಂದು ಮೂರನೆಯ ಉಪಾಯವೂ ಇದೆ. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಟ್ಯಾಬ್ಲೆಟ್‌ನ ಪರದೆಯಲ್ಲಿ ಸ್ವರಲಿಪಿಯನ್ನು ನೋಡಿ ನುಡಿಸುವ ಪದ್ಧತಿ ಹಬ್ಬಿತು. 2012ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವು ಕಾಗದವನ್ನು ಬಿಟ್ಟು ಟ್ಯಾಬ್ಲೆಟ್‌ಗಳನ್ನು ನೋಡಿ ಕಛೇರಿ ನಡೆಸಿತು. ಪುಟ ತಿರುವಲು ನೆಲದ ಮೇಲೊಂದು ಚಿಕ್ಕ ಪೆಡಲ್ ಇಡುತ್ತಾರೆ. ಅದನ್ನು ಕಾಲಿನಿಂದ ಒತ್ತಿದರೆ ಬ್ಲೂಟೂತ್ ಮೂಲಕ ಸಂಕೇತ ಹೋಗಿ ಪುಟ ಬದಲಾಗುತ್ತದೆ. ಬಲಗಾಲು ಪಿಯಾನೋದ ಪೆಡಲಿನ ಮೇಲೆಯೇ ಹೆಚ್ಚಾಗಿ ಇರುವುದರಿಂದ ಈ ಕೆಲಸ ಎಡಗಾಲಿಗೆ ಅನುಕೂಲ.

ಆದರೆ ಯಾವಾಗ ಒತ್ತಬೇಕು? ಇದನ್ನು ತಿಳಿಯಲು ಒಂದು ಪ್ರಯೋಗ ಮಾಡೋಣ. ನಾವು ಪಾಠವನ್ನು ಗಟ್ಟಿಯಾಗಿ ಓದುತ್ತಿರುವಾಗ ಗೆಳೆಯನೊಬ್ಬನು ಥಟ್ಟನೆ ಪುಸ್ತಕ ಮುಚ್ಚಲಿ. ಆಗಲೂ ಮುಂದಿನ ಒಂದೆರಡು ಪದಗಳನ್ನು ನಾವು ಹೇಳಿಬಿಡುತ್ತೇವೆ. ಬಾಯಿಗಿಂತ ಕಣ್ಣು ಮುಂದೆ ಹೋಗಿರುವುದೇ ಇದಕ್ಕೆ ಕಾರಣ. ವಾದಕನ ಕಣ್ಣೂ ಹೀಗೆಯೇ ಕೈಗಿಂತ ಮುಂದಿರುತ್ತದೆ. ಆದುದರಿಂದ ಪುಟದ ಕೊನೆಯ ಸ್ವರ ಮುಗಿಯುವ ತನಕ ಕಾದರೆ ಕೈ ತಡವರಿಸುತ್ತದೆ. ಮೊದಲೇ ತಿರುವಿದರೆ ಉಳಿದ ಸ್ವರಗಳು ಮರೆಯಾಗುತ್ತವೆ. ಇದಕ್ಕಾಗಿ ಅರ್ಧಪುಟದ ಕ್ರಮವಿದೆ. ಕೆಳಗಿನ ಅರ್ಧವನ್ನು ನುಡಿಸುತ್ತಿರುವಾಗ ಪೆಡಲ್ ಒತ್ತಿದರೆ ಮೇಲಿನ ಅರ್ಧದಲ್ಲಿ ಮಾತ್ರ ಮುಂದಿನ ಪುಟ ಮೂಡುತ್ತದೆ. ಇದು ಕಾಗದದಲ್ಲಿ ಇಲ್ಲದ ಸೌಕರ್ಯ.

ಕುಂದುಗಳೂ ಇಲ್ಲದಿಲ್ಲ. ಎ4 ಹಾಳೆಯನ್ನು ಮೂಲೆಯಿಂದ ಮೂಲೆಗೆ ಅಳೆದರೆ ಸುಮಾರು 36 ಸೆಂಟಿಮೀಟರ್. 12.9 ಅಂಗುಲದ ಪರದೆ ಸುಮಾರು 33 ಸೆಂಟಿಮೀಟರ್ ಮಾತ್ರ. ಇನ್ನೂ ಚಿಕ್ಕ ಪರದೆಯಲ್ಲಿ ಚುಕ್ಕೆಗಳು ಕಿರಿದಾಗಿ ಕಣ್ಣಿಗೆ ಶ್ರಮವಾಗುತ್ತದೆ. ನಡುವೆ ಬ್ಯಾಟರಿ ಮುಗಿದರೆ ವಾದನವೇ ನಿಂತೀತು. ಆದ್ದರಿಂದ ಮೊದಲೇ ಚಾರ್ಜ್ ಮಾಡಿಕೊಂಡು, ಪರದೆ ತಾನಾಗಿ ಆರದಂತೆ ಸರಿಪಡಿಸಿ, ಕಾಗದದ ಪ್ರತಿಯೊಂದನ್ನು ಬಳಿಯಲ್ಲಿ ಇಟ್ಟುಕೊಳ್ಳುವುದು ಲೇಸು. ಕಾಲಿನ ಪೆಡಲನ್ನೂ ಕೃತಿಯ ಜೊತೆಗೇ ಅಭ್ಯಾಸ ಮಾಡಬೇಕು.

ಹೀಗೆ ಪುಟ ತಿರುವುವ ಶ್ರಮವನ್ನು ಪರದೆಯು ಹಗುರ ಮಾಡಿದೆ. ಬರುವ ಸ್ವರವನ್ನು ಮೊದಲೇ ಕಂಡು ಕೈಯನ್ನು ಸಿದ್ಧಗೊಳಿಸುವ ಸಾಧನೆಯಂತೂ ದಿನದಿನದ ಅಭ್ಯಾಸದಿಂದಲೇ ಬರಬೇಕು.